ಗೈಡ್ ಸಾಹೇಬರು ಕಣ್ಣು ಮುಚ್ಚಿದ್ದು

ನನ್ನ ಪಿಎಚ್‌ಡಿ ಗೈಡ್ ಸಾಹೇಬರಿಗೆ ಧ್ಯಾನದ ಹುಚ್ಚು ಹಿಡಿದಿತ್ತು. ಯಾವುದೋ ಶಿಬಿರ ಮುಗಿಸಿ ಬಂದವರು ಚಹಾ ಕುಡಿಯಲೂ ಕಣ್ಣು ಮುಚ್ಚತೊಡಗಿದರು. ಸಂದರ್ಶನ ಮಾಡಲು ಕೂತವರು ಮೊದಲು ತಮ್ಮ ಉಸಿರು ಗಮನಿಸಬೇಕಂತೆ, ಆಗಲೇ ಎದುರಿನವರ ಮಾತು ನಿಜವಾಗಿ ಕೇಳಿಸುತ್ತದಂತೆ. ಮುಖ ನೋಡಿದರೆ ಸಾಲದೇ ಎಂದು ಕೇಳಿದ್ದಕ್ಕೆ, ನನಗಿನ್ನೂ ಪಕ್ವತೆ ಬಂದಿಲ್ಲ ಎಂದರು. ಪಕ್ವತೆಯಂತೆ, ಮಣ್ಣು.

ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಗಂಡ ತೀರಿದ ಹೆಂಗಸರ ಅನುಭವ ಕೇಳಿ ಬರೆಯುವುದು ನನ್ನ ಕೆಲಸ. ನಾಗನೂರಿನ ಒಬ್ಬ ಅಕ್ಕ ತಿಂಗಳುಗಟ್ಟಲೆ ಮಳೆ-ಬೆಳೆ ಮಾತಾಡಿ ನನ್ನನ್ನು ಸಾಗಹಾಕಿದ್ದಳು. ಒಂದು ಮುಂಜಾನೆ ತಾನೇ ಫೋನ್ ಮಾಡಿದಳು.

"ಮೈದುನ ಕಬ್ಬಿಗೆ ನೀರು ಬಿಡಾಕ ಹೋಗ್ಯಾನ, ಸಂಜಿತನಕ ಬರಂಗಿಲ್ಲ. ನನ್ನ ಹೊಲ ಇವರು ತಮ್ಮ ಹೆಸರಿಗೆ ಹೆಂಗ ಬರಿಸಿಕೊಂಡ್ರು ಅನ್ನೂದು ಒಬ್ರಿಗರ ಹೇಳಬೇಕು ತಂಗಿ. ಲಗೂನ ಬಾ."

ಕರೆಯದಿದ್ದರೂ ಸಾಹೇಬರು ಹೊರಟರು, ನನಗೆ ಕಲಿಸಲು.

ಅಕ್ಕ ಎದುರು ಕೂತು, "ಅವರು ಸತ್ತ ಮೂರನೇ ದಿನಕ್ಕ..." ಎಂದು ಶುರುಮಾಡಿದ್ದಳಷ್ಟೇ. ಸಾಹೇಬರು ಕೈ ಎತ್ತಿ ತಡೆದರು. ನನಗೂ ಕಣ್ಣು ಮುಚ್ಚಲು ಸನ್ನೆ ಮಾಡಿ, ತಾವು ತಲೆ ಬಾಗಿಸಿ ಬುಸುಬುಸು ಉಸಿರೆಳೆಯುತ್ತ ಕೂತರು. ಅಕ್ಕ ಒಳಗೆ ಹೋದ ಸಪ್ಪಳ ಕೇಳಿತು. ಚಹಾಕ್ಕಿರಬೇಕು ಅಂದುಕೊಂಡೆ.

ಬೆಲ್ಲ, ನೀರು ಹಿಡಿದು ಓಡಿಬಂದಳು. "ಸರ್‌ಗೆ ಚಕ್ಕರ್ ಬಂದೈತಿ. ಗಾಡಿ ತರಾಕ ಮೈದುನಗ ಫೋನ್ ಹಚ್ಚೀನಿ, ಮೂಡಲಗಿ ದವಾಖಾನಿಗೆ ಒಯ್ಯೂಣು."

ಅದು ಧ್ಯಾನ ಅಕ್ಕಾ, ಎಂದು ನಾನು ಹೇಳುವಷ್ಟರಲ್ಲಿ ಹೊಲದ ಕಡೆಯಿಂದ ಗಾಡಿ ಬಂದಾಗಿತ್ತು. ಮೈದುನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತ. ಸಾಹೇಬರು ಪ್ರಸನ್ನವದನರಾಗಿ ಕಣ್ಣು ತೆರೆದು, "ಈಗ ಹೇಳಿ ತಾಯಿ, ಆರಾಮಾಗಿ ಹೇಳಿ," ಎಂದರು. ಅಕ್ಕ ಸೆರಗು ಎಳೆದುಕೊಂಡು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಮುಂದೊಂದು ವಿಚಾರಸಂಕಿರಣದಲ್ಲಿ ಸಾಹೇಬರು ಪ್ರಬಂಧ ಓದಿದರು. ಆ ಹೆಣ್ಣುಮಗಳ ಮೌನವನ್ನು ತಾವು ಪೂರ್ಣ ಎಚ್ಚರದಿಂದ ಆಲಿಸಿದರಂತೆ. ಜನ ಚಪ್ಪಾಳೆ ತಟ್ಟಿದರು. ನನಗೆ ಹೇಸಿಗೆಯಾಯಿತು. ಇವರಿಗೆ ಕೇಳಿಸಿದ್ದು ಇವರ ಮೂಗಿನ ಗಾಳಿ ಒಂದೇ.

ಆಮೇಲೆ ನಾನೊಬ್ಬಳೇ ನಾಗನೂರಿಗೆ ಹೋದೆ. ಮೈದುನ ಕಟ್ಟೆಯ ಮೇಲಿದ್ದ. "ವೈನಿಗೆ ಹೇಳೂದೇನೂ ಇಲ್ರಿ," ಎಂದು ಅತ್ತಿಗೆಯ ಪರವಾಗಿ ತಾನೇ ಹೇಳಿದ. ಅಕ್ಕ ಬೆಲ್ಲ, ನೀರು ತಂದಿಟ್ಟಳು. ಅವನ ಮುಂದೆ ಅವಳಿಗೆ ಕೇಳಲು ಉಳಿದಿದ್ದ ಮಾತು ಒಂದೇ.

"ನಿಮ್ಮ ಸರ್ ಆರಾಮ ಅದಾರೇನ್ ತಂಗಿ? ಅವತ್ತ ಭಾಳ ಅಂಜಿದ್ನಿ."