ಹತ್ತು ಇದ್ದದ್ದು ಇಪ್ಪತ್ತಾಯಿತು

ಮಧುಗಿರಿಯ ನಮ್ಮ ಅಂಗಡಿಯಲ್ಲಿ ನಾವು ಮಾಡುವುದು ಕುಡಿಯುವ ನೀರಿನ ಘಟಕಗಳಿಗೆ ಹಾಕುವ ಕಂಟ್ರೋಲ್ ಬೋರ್ಡು. ಶೋಧಿಸಿ ಬಂದ ನೀರಿನ ಉಪ್ಪಿನಂಶ ಮಿತಿಯೊಳಗಿದ್ದರೆ ಹಸಿರು ದೀಪ ಹತ್ತಿ ನಲ್ಲಿ ಬಿಡುತ್ತದೆ, ಮೀರಿದರೆ ಕೆಂಪು ದೀಪ, ನಲ್ಲಿ ಬಂದ್. ಫಿಲ್ಟರಿನ ಪೊರೆ ಹಾಳಾದರೆ ಉಪ್ಪೂ ಫ್ಲೋರೈಡೂ ಒಟ್ಟಿಗೇ ನುಗ್ಗುತ್ತವೆ, ಹಾಗಾಗಿ ಉಪ್ಪನ್ನು ಅಳೆದರೆ ಸಾಕು. ಇಷ್ಟೇ ಕೆಲಸ. ಇಷ್ಟಕ್ಕೇ ನನ್ನ ಅರ್ಧ ಕೂದಲು ಉದುರಿದೆ.

ನಾನು ಪ್ರೋಗ್ರಾಂ ಬರೆಯುವವನು, ಸಿ ಭಾಷೆಯಲ್ಲಿ. ಪಾಲಿಟೆಕ್ನಿಕ್ ದಿನಗಳಿಂದ ಜೊತೆಗಿರುವ ಶಿರಾದ ಗೆಳೆಯ ನನ್ನ ಪಾಲುದಾರ. ಮಾಲು ತರಿಸುವುದು, ಬೋರ್ಡು ಕೂರಿಸುವುದು, ಜನರ ಹತ್ತಿರ ಬೈಸಿಕೊಳ್ಳುವುದು ಅವನ ಪಾಲಿಗೆ. ಬೋರ್ಡಿನಲ್ಲಿ ಪ್ರೋಗ್ರಾಂ ಓಡಿಸುವ ಹಳೆಯ ಚಿಪ್ ಸಿಗುವುದು ಕಡಿಮೆಯಾದಾಗ ಹೊಸದನ್ನೂ ಹಿಡಿಯಬೇಕಾಯಿತು. ಒಂದೇ ಪ್ರೋಗ್ರಾಂ ಎರಡರ ಮೇಲೂ ಓಡಬೇಕು. ಹಳೆಯದರಲ್ಲಿ ಒಂದು ಅಂಕಿಗೆ ಎರಡು ಬೈಟ್ ಜಾಗ, ಹೊಸದರಲ್ಲಿ ನಾಲ್ಕು. ಆಯಾ ಊರಿನ ಐದು ಮಿತಿಗಳನ್ನು ಪುಟ್ಟದೊಂದು ಮೆಮೊರಿ ಚಿಪ್ಪಿನಲ್ಲಿ ಇಟ್ಟಿರುತ್ತೇವೆ. ಬೋರ್ಡು ಬದಲಾದರೂ ಅದನ್ನು ಕಿತ್ತು ಹೊಸದಕ್ಕೆ ಚುಚ್ಚುವುದು ನಮ್ಮ ಪದ್ಧತಿ. ಎರಡೆರಡು ಬೈಟಾಗಿ ಬರೆದದ್ದನ್ನು ನಾಲ್ಕು ನಾಲ್ಕಾಗಿ ಓದಿದರೆ ಎರಡು ಅಂಕಿ ಸೇರಿ ಒಂದಾಗಿ, ನೂರರಲ್ಲಿದ್ದ ಮಿತಿ ಲಕ್ಷಗಳಿಗೆ ಏರುತ್ತದೆ. ಆಮೇಲೆ ಚರಂಡಿ ನೀರು ಹರಿದರೂ ಹಸಿರು ದೀಪವೇ.

ಅದಕ್ಕೇ ಒಂದು ಸಾಲನ್ನು ಕಾವಲಿಗೆ ಇಟ್ಟಿದ್ದೆ. ಮಿತಿಗಳೆಲ್ಲ ಸೇರಿ ಹತ್ತು ಬೈಟ್ ಇರದಿದ್ದರೆ ಪ್ರೋಗ್ರಾಂ ಕಂಪೈಲೇ ಆಗಬಾರದು, ಅಂದರೆ ಚಿಪ್ಪಿಗೆ ತಿಳಿಯುವ ಭಾಷೆಗೆ ತಿರುಗಲೇಬಾರದು. ಈಗಿನ ಕಂಪೈಲರುಗಳಲ್ಲಿ ಅದಕ್ಕೆಂದೇ ಒಂದು ಪದವಿದೆ. ನಮ್ಮ ಹಳೆಯದಕ್ಕೆ ಅದು ಗೊತ್ತಿಲ್ಲ. ಅಳತೆ ತಪ್ಪಿದರೆ ಮೈನಸ್ ಒಂದು ಉದ್ದದ ಅರೇ, ಅಂದರೆ ಇರಲು ಸಾಧ್ಯವೇ ಇಲ್ಲದ ಅಂಕಿಗಳ ಪಟ್ಟಿ, ಹುಟ್ಟುವಂತೆ ಬರೆದು, ಬೇಕೆಂದೇ ಕಂಪೈಲರನ್ನು ಎಡವಿಸಬೇಕು. ಆ ಸಾಲು ಚಿಪ್ಪಿನೊಳಗೆ ಹೋಗುವುದೂ ಇಲ್ಲ, ಓಡುವುದೂ ಇಲ್ಲ. ಬೋರ್ಡು ಊರು ಸೇರುವ ಮೊದಲೇ ನಮ್ಮ ಮೇಜಿನ ಮೇಲೆ ರಂಪ ಮಾಡುವುದು ಅದರ ಕಸುಬು. ನನಗೆ ಅದರ ಮೇಲೆ ಸ್ವಲ್ಪ ಅಕ್ಕರೆಯೇ ಇತ್ತು.

ನನ್ನ ಅಕ್ಕನ ಮನೆ ಪಾವಗಡ ತಾಲೂಕಿನಲ್ಲಿ, ನಾಗಲಮಡಿಕೆಯ ಆಚೆ. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡು ಅವಳ ಹಲ್ಲನ್ನೂ ಮಂಡಿಯನ್ನೂ ತಿಂದು ಹಾಕಿದೆ. ಎದ್ದು ನಿಲ್ಲಬೇಕಾದರೆ ಗೋಡೆ ಬೇಕು. ಮೊಮ್ಮಗಳು ಅವಳ ಜೊತೆಗೇ ಇದ್ದಾಳೆ. ಮಗುವಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸು. “ನಂದಂತೂ ಮುಗೀತು ಬುಡು, ಇವಳ ಹಲ್ಲಾದ್ರೂ ಬೆಳ್ಳಗಿರ್ಲಿ ಕಣ್ಲಾ” ಎಂದು ಅಕ್ಕ ಘಟಕದ ನೀರಲ್ಲದೆ ಒಂದು ಗುಟುಕು ಬೇರೆ ನೀರು ಅದರ ಬಾಯಿಗೆ ಬಿಟ್ಟವಳಲ್ಲ.

ನಾನು ಕೊರಟಗೆರೆ ಕಡೆ ರಿಪೇರಿಗೆ ಅಲೆಯುತ್ತಿದ್ದ ವಾರದಲ್ಲಿ ಅಕ್ಕನ ಊರಿನ ಘಟಕದ ಬೋರ್ಡು ಸುಟ್ಟು ಹೋಯಿತು. ಜನ ಫೋನು ಮಾಡಿ ಪಾಲುದಾರನ ಪ್ರಾಣ ತಿಂದಿದ್ದಾರೆ. ಅವನು ಹೊಸ ಚಿಪ್ಪಿಗೆ ಪ್ರೋಗ್ರಾಂ ಕಟ್ಟಲು ಕೂತರೆ ನನ್ನ ಸಾಲು ಅಡ್ಡ ಮಲಗಿದೆ. ನಾನು ಹಿಂತಿರುಗಿ ಬರುವಷ್ಟರಲ್ಲಿ ಬೋರ್ಡು ಊರು ಸೇರಿತ್ತು. ಅನುಮಾನ ಬಂದು ಪ್ರೋಗ್ರಾಂ ತೆಗೆದು ನೋಡಿದೆ. ನಾನು ಹತ್ತು ಎಂದು ಬರೆದ ಕಡೆ ಇಪ್ಪತ್ತು ಎಂದಿತ್ತು.

“ಇದೇನ್ಲಾ ಮಾಡಿದ್ದೀಯ?”

“ಹತ್ತು ಇರ್ಬೇಕು ಅಂತಿತ್ತು. ನೋಡಿದ್ರೆ ಇಪ್ಪತ್ತೈತೆ. ಇಪ್ಪತ್ತು ಮಾಡ್ದೆ. ಆಮ್ಯಾಕೆ ಕಮಕ್ ಕಿಮಕ್ ಅನ್ಲಿಲ್ಲ.”

ಸಾಲನ್ನು ಅಳಿಸಿದ್ದರೆ ಕೂಗಾಡಬಹುದಿತ್ತು. ಅವನು ಅಳಿಸಿರಲಿಲ್ಲ, ಕಾವಲುಗಾರನಿಗೇ ಸುಳ್ಳು ಹೇಳಿಕೊಟ್ಟಿದ್ದ. ನನಗೆ ಸಿಟ್ಟೂ ಬರಲಿಲ್ಲ.  ಅಕ್ಕನಿಗೆ ಫೋನು ಮಾಡಿ ಆ ನೀರು ಕುಡಿಯಬೇಡ ಎಂದೆ. “ಹಸಿರು ಲೈಟೇ ಉರೀತಾ ಐತಲ್ಲೋ” ಎಂದಳು. ಫೋನಿನಲ್ಲಿ ತಿಳಿಸಿ ಹೇಳುವ ಶಕ್ತಿ ನನಗಿರಲಿಲ್ಲ. ಬರ್ತೀನಿ ಇರು ಎಂದಷ್ಟೇ ಹೇಳಿದೆ.

ಮಾರನೆಯ ಬೆಳಿಗ್ಗೆ ಪಾವಗಡದ ಬಸ್ಸು ಹಿಡಿದೆ. ರಾತ್ರಿ ಕೂತು ಅಂಕಿಗಳನ್ನು ಎರಡೆರಡು ಬೈಟಿಗೆ ಇಳಿಸಿ ಸರಿಮಾಡಿದ ಬೋರ್ಡು ತೊಡೆಯ ಮೇಲಿತ್ತು. ಪೊರೆ ಚೆನ್ನಾಗಿದ್ದರೆ ಈ ತಪ್ಪಿನಿಂದ ಯಾರಿಗೂ ಏನೂ ಆಗಿರುವುದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಘಟಕದ ಮುಂದೆ ಕೊಡಗಳ ಸಾಲಿತ್ತು, ಅಕ್ಕನೂ ಮಗುವೂ ಅದರಲ್ಲೇ ಇದ್ದರು. ಬೋರ್ಡು ಬದಲಾಯಿಸಿ ಸ್ವಿಚ್ಚು ಹಾಕಿದೆ. ಕೆಂಪು ದೀಪ ಹತ್ತಿತು. ನಲ್ಲಿ ನಿಂತಿತು.

“ಏಮಪ್ಪಾ, ನೀಳ್ಳು ಚೆನ್ನಾಗೇ ಬರ್ತಿತ್ತು, ನೀನ್ ಬಂದು ಕೆಡ್ಸಿಬುಟ್ಟೆ” ಎಂದಳು ತೆಲುಗು ಬೆರೆಸಿ ಒಬ್ಬ ಹೆಂಗಸು. ಮಿಕ್ಕವರೂ ಗೊಣಗುತ್ತ ಕೊಡ ಎತ್ತಿಕೊಂಡು ಬೋರ್‌ವೆಲ್ ಕಡೆಗೇ ಹೊರಟರು.  ಅಕ್ಕ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ಹತ್ತಿರ ಬಂದಳು. ಪೊರೆ ಹರಿದಿದೆ, ದೀಪ ಸುಳ್ಳು ಹೇಳುತ್ತಿತ್ತು ಎಂದೆ.

“ಯಾವತ್ತಿಂದ?”

“ಸುಟ್ಟಿದ್ರ ಬದಲಿಗೆ ನಮ್ಮ ಬೋರ್ಡು ಹಾಕ್ದಾಗಿನಿಂದ ಅಕ್ಕ.”

ಅಕ್ಕ ಮಗುವನ್ನು ಹತ್ತಿರ ಎಳೆದು, ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ, ಬಾಯಿ ತೆಗೆ ಎಂದಳು. ಇಷ್ಟು ಬೇಗ ಹಲ್ಲಿನಲ್ಲಿ ಏನೂ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಒಂದೊಂದೇ ಹಲ್ಲನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದಳು.

“ಲೈಟ್ ನೋಡ್ಕಂಡೇ ಕುಡಿಸ್ದೆ ಕಣ್ಲಾ” ಎಂದಳು. “ದಿನಾ ನೋಡ್ಕಂಡೇ ಕುಡಿಸ್ದೆ.”