ಕಿರುಬೆರಳಿನ ಅಪ್ಪಣೆ

ನಾಟಕ ಕಂಪನಿಯ ಯಜಮಾನರು ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ರಂಗದ ಮೇಲೆ ಅವರಷ್ಟು ಸಲ ಸತ್ತವರು ಇನ್ನೊಬ್ಬರಿಲ್ಲ. ರಾಜನಾಗಿ, ಕಳ್ಳನಾಗಿ, ಒಮ್ಮೆ ಅತ್ತೆಯಾಗಿಯೂ ಸತ್ತರು. ಬಿದ್ದ ಮೇಲೆ ಎಡಗೈ ಕಿರುಬೆರಳು ಅಲ್ಲಾಡಿಸಿದರೆ ಮಾತ್ರ ಪರದೆ ಬೀಳಬೇಕೆಂಬುದು ಅವರ ಕಟ್ಟಪ್ಪಣೆ. ಚಪ್ಪಾಳೆ ಜೋರಾಗಿದ್ದರೆ ಆ ಬೆರಳು ಮಿಸುಕುತ್ತಲೇ ಇರಲಿಲ್ಲ. ಅವರ ನಾಟಕಗಳಿಗೆಲ್ಲ ಪರದೆ ಎಳೆದ ಗೆಳೆಯ ಒಮ್ಮೆ ಅವಸರಪಟ್ಟಾಗ ಹೆಣವೇ ತಲೆಯೆತ್ತಿ, "ಯಾರೋ ಅದು? ನಾನಿನ್ನೂ ಸತ್ತೇ ಇಲ್ಲ!" ಎಂದು ಗದರಿತ್ತು. ಅವರು ತಯಾರು ಮಾಡಿದ ಶಿಷ್ಯರೆಲ್ಲ ಇಂದಿಗೂ ಬೆರಳು ಅಲ್ಲಾಡಿಸಿಯೇ ಸಾಯುತ್ತಾರೆ.

ಆಸ್ಪತ್ರೆಯಲ್ಲೂ ನಿರ್ದೇಶನ ನಿಲ್ಲಲಿಲ್ಲ. "ಡಾಕ್ಟ್ರೇ, ಬೆಳಕಿಗೆ ಅಡ್ಡ ನಿಂತಿದ್ದೀರಿ," ಎಂದರು. ಅಳತೊಡಗಿದ ಸೊಸೆಗೆ, "ಈಗಲೇ ಯಾಕಮ್ಮಾ? ನಿನ್ನ ಸೀನ್ ಆಮೇಲಿದೆ," ಎಂದರು.

ಮಂಚದ ಸುತ್ತ ಹಸಿರು ಪರದೆಯೊಂದಿತ್ತು. ನರ್ಸ್ ಅದನ್ನು ಎಳೆಯಲು ಬಂದಾಗ ಗೆಳೆಯ ತಡೆದ.

"ತಾಳಮ್ಮಾ, ಅವರಿನ್ನೂ ಹೇಳಿಲ್ಲ."

ಈ ಸಲವಾದರೂ ತಪ್ಪಬಾರದೆಂದು ಅವನು ಪರದೆಯ ಅಂಚು ಹಿಡಿದು, ರೆಪ್ಪೆ ಮಿಟುಕಿಸದೆ ಆ ಕೈಯನ್ನೇ ನೋಡುತ್ತ ನಿಂತ. ಯಜಮಾನರು ಒಂದೇ ಕಣ್ಣು ತೆರೆದು, ಬಾಗಿಲಲ್ಲಿ ಎಷ್ಟು ಜನ ಸೇರಿದ್ದಾರೆಂದು ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಎಡಗೈ ಕಿರುಬೆರಳು ಅಲ್ಲಾಡಿಸಿದರು.