ಸುರಕ್ಷಿತ ಕೈ

ಸರ್ಕಾರಕ್ಕೆ ನನ್ನ ತಂಗಿಯ ಜೀವ ಎಷ್ಟು ಮುಖ್ಯವೆಂಬುದು ನನಗೆ ತಿಳಿದದ್ದು ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷಗಳ ಮೇಲೆ. ಅವಳನ್ನು ಗಂಗಾವತಿ ಕಡೆಯ ಕಾಲುವೆ ಊರಿಗೆ ಕೊಟ್ಟಿದ್ದರು. ಎರಡು ಬೆಳೆ ಬೆಳೆಯುವ ಗದ್ದೆ ಕಂಡು ನಮ್ಮ ಒಣಭೂಮಿಯ ಹಿರಿಯರು ಹುಡುಗನ ಗುಣ ಕೇಳಲೇ ಇಲ್ಲ. ಕುಡಿಯುವುದಿಲ್ಲ ಎಂದು ಹೊಗಳಿದ್ದರು. ನಿಜ, ಅವನು ಕುಡಿಯದೆಯೇ ಹೊಡೆಯುತ್ತಿದ್ದ.

ಒಂದು ಮಧ್ಯಾಹ್ನ ಕುತ್ತಿಗೆ ಹಿಚುಕಿದಾಗ ಅವಳು ಬರಿಗಾಲಲ್ಲಿ ಪೊಲೀಸ್ ಠಾಣೆಗೆ ಓಡಿದಳು. ಅಲ್ಲಿದ್ದವರು ಕುತ್ತಿಗೆ ನೋಡಿದರು. "ರಕ್ತ ಬಂದಿಲ್ಲಲ್ಲ ತಂಗಿ, ಇದು ಮನಿಯೊಳಗಿನ ಜಗಳ" ಎಂದರು. ಆದರೂ ದೊಡ್ಡ ಮನಸ್ಸು ಮಾಡಿ, ಹೆಣ್ಣುಮಕ್ಕಳ ರಕ್ಷಣೆಗೆಂದಿದ್ದ ಆಶ್ರಯ ಕೇಂದ್ರಕ್ಕೆ ಕಳಿಸಿದರು. ಹೊರಗಿನಿಂದ ಕೀಲಿ ಹಾಕುವ ರಕ್ಷಣೆ ಅದು. ಹೊಡೆದವನು ಸಂತೆ ಮಾಡಿಕೊಂಡು ಆರಾಮಾಗಿದ್ದ, ಹೊಡೆಸಿಕೊಂಡವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು.

ಅಪ್ಪ ಅವ್ವ ಆಗಲೇ ತೀರಿಕೊಂಡಿದ್ದರು. ದೊಡ್ಡಪ್ಪನ ಮಕ್ಕಳನ್ನು ಕರೆದರೆ "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಎಂದು ಕೈ ತೊಳೆದುಕೊಂಡರು. ಅವಳನ್ನು ಕರೆತರಲು ತಾವರಗೇರಾದ ನನ್ನ ಗಂಡನ ಮನೆಯಿಂದ ನಾನೊಬ್ಬಳೇ ಹೋದೆ. ಹೋಗಿ ನೋಡಿದರೆ ಅವಳ ಗಂಡ ಆಗಲೇ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕುಳಿತಿದ್ದ.

"ನನ್ನ ಕೂಡ ಕಳಸ್ರಿ ಮೇಡಂ" ಎಂದೆ.

ಕೇಂದ್ರದ ಮೇಡಂ ಕೆಟ್ಟವಳಲ್ಲ, ಚಹಾ ಕೊಡಿಸಿದಳು. "ಸುರಕ್ಷಿತ ಕೈಗೇ ಒಪ್ಪಸಬೇಕಂತ ನಿಯಮ ಐತ್ರಿ. ನೀವೂ ಮತ್ತೊಬ್ಬರ ಮನಿಯಾಗ ಇರಾಕಿ. ನಾಳೆ ನಿಮ್ಮ ಯಜಮಾನ್ರು ಹೊರಗ ಹಾಕಿದ್ರ ಈಕಿ ಎಲ್ಲಿಗೆ ಹೋಗಬೇಕು? ಗಂಡ ಅದಾನ, ಮನಿ ಐತಿ. ಬುದ್ಧಿ ಹೇಳೀವಿ, ಇನ್ನ ಛಲೋ ನೋಡ್ಕೋತಾನ."

"ಕುತ್ತಿಗಿ ಹಿಚುಕಿದಾಂವ ಅವನೇ ರೀ!"

"ಹಂಗೆಲ್ಲ ಕೆಟ್ಟ ಮಾತು ಆಡಬ್ಯಾಡ್ರಿ."

ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರೆ. ಈ ಬೇಲಿ ಅಷ್ಟು ತ್ರಾಸನ್ನೂ ತೆಗೆದುಕೊಳ್ಳಲಿಲ್ಲ, ಗೂಳಿಯನ್ನು ಕರೆದು ಹೊಲ ತೋರಿಸಿತು. ಹೋಗುವುದಿಲ್ಲ ಎಂದ ತಂಗಿಯ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೆಣ್ಣುಮಗಳನ್ನು ಹಾಗೇ ಕಳಿಸಬಾರದೆಂದು ಖಣ, ಕೊಬ್ಬರಿ, ಅಕ್ಕಿ ತರಿಸಿದರು. ತವರಿನವಳೆಂದರೆ ನಾನೊಬ್ಬಳೇ, ಉಡಿ ನಾನೇ ತುಂಬಬೇಕಾಯಿತು. ಸೆರಗೊಡ್ಡಿದವಳು ಸೆರಗು ಬಿಟ್ಟು ನನ್ನ ಕೈ ಹಿಡಿದಳು, ಅಕ್ಕಿ ನೆಲಕ್ಕೆ ಚೆಲ್ಲಿತು. "ಅಕ್ಕಾ, ಕಳಸಬ್ಯಾಡ" ಎಂದಳು. ಒಂದು ಸಂಸಾರ ಉಳಿಯಿತೆಂದು ಸಿಬ್ಬಂದಿ ಚಪ್ಪಾಳೆ ತಟ್ಟಿದರು.

ಮುಂದಿನ ಅಮಾವಾಸ್ಯೆಯೊಳಗೆ ಅವಳ ಹೆಣ ಕಾಲುವೆಯ ಗೇಟಿಗೆ ಬಂದು ಸಿಕ್ಕಿಕೊಂಡಿತು. ಅರಿವೆ ಒಗೆಯಲು ಹೋಗಿ ಜಾರಿದಳು ಎಂದ ಗಂಡ. ದೊಡ್ಡಪ್ಪನ ಮಕ್ಕಳಿಗೆ ಆಗ ರಕ್ತಸಂಬಂಧ ನೆನಪಾಗಿ, ಬಡಿಗೆ ಹಿಡಿದು ಅವನ ಊರಿಗೆ ನುಗ್ಗಿದರು. ಅವರ ಹಿಂದೆ ನಾನೂ ಹೋದೆ. ಅವನ ಮನೆಯ ಮುಂದೆ ಪೊಲೀಸ್ ವ್ಯಾನು ನಿಂತಿತ್ತು, ಬಂದೂಕಿನವರು ಕಟ್ಟೆಯ ಮೇಲೆ ಕುಳಿತಿದ್ದರು.

"ಒಳಗ ಬಿಡಂಗಿಲ್ರಿ ಅಕ್ಕಾರ" ಎಂದ ಒಬ್ಬ, ಬಹಳ ಮರ್ಯಾದೆಯಿಂದ. "ಅವರ ಜೀವಕ್ಕ ಅಪಾಯ ಐತಿ."